ಹಿತ್ತಾಳೆ ಫಲಕದ ಹೆಂಗಸಿನ ತೌರು ಯಾವುದು?

ಕೋಡಿಬಾಗದ ಅಕ್ಕ:
ಮಗಳು ದಕ್ಷಿಣ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದ್ದಾಳೆ. ಅಲ್ಲಿನ ಚರ್ಚಿನ ನೆಲದಲ್ಲಿ ಸತ್ತವರ ನೆನಪಿನ ಹಿತ್ತಾಳೆ ಫಲಕ ಇದೆ, ಮೊದಲನೇ ಎಲಿಜಬೆತ್ ಕಾಲದ್ದು. ಗಂಡನ ಪೂರ್ತಿ ಹೆಸರಿದೆ, ಇವಳದು ಬರೀ 'ಅವನ ಹೆಂಡತಿ ಆನ್'. ಫೋಟೋ ನೋಡಿದಾಗಿನಿಂದ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಕೊಂಕಣಿ ಮನೆಗಳಲ್ಲಿ ಮದುವೆ ದಿನ ಹುಡುಗಿಯ ಹೆಸರನ್ನೇ ಬದಲಾಯಿಸುತ್ತಾರಲ್ಲ, ನನ್ನ ಅಜ್ಜಿಯ ತೌರಿನ ಹೆಸರು ಈಗ ಯಾರಿಗೂ ಗೊತ್ತಿಲ್ಲ, ಅದಕ್ಕೇ ಇರಬೇಕು. ಈ ಆನ್‌ಳ ತೌರು ಮದುವೆ ರಿಜಿಸ್ಟರಿನಲ್ಲಿ ಸಿಗುತ್ತಾ?

ಸಿರ್ಸಿ ಮಾಣಿ:
ರಿಜಿಸ್ಟರನ್ನೇ ನಂಬಿ ಕೂರಬೇಡಿ ಅಕ್ಕ. ಚರ್ಚುಗಳು ನಾಮಕರಣ, ಮದುವೆ, ಸಾವು ಬರೆದಿಡಬೇಕು ಅಂತ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ್ದು 1538ರಲ್ಲಿ. 1598ರಲ್ಲಿ ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಿ ಅಂದರು, ಮುಖ್ಯವಾಗಿ ರಾಣಿ ಪಟ್ಟಕ್ಕೆ ಬಂದ 1558ರಿಂದ ಅಂತಲೂ ಸೇರಿಸಿದರು. ಹಾಗಂದ ಮೇಲೆ ಯಾರು ಜಾಸ್ತಿ ಬರೆಯುತ್ತಾರೆ? ಎಷ್ಟೋ ಊರುಗಳ ಮೊದಲ 20 ವರ್ಷ ಹೋಯಿತು. ಮದುವೆಯೂ ಸಾಮಾನ್ಯವಾಗಿ ಹುಡುಗಿಯ ಊರಿನಲ್ಲೇ ಆಗುತ್ತಿತ್ತು. ಆ ಊರು ಯಾವುದು ಅಂತಲೇ ಅಲ್ವಾ ನಿಮ್ಮ ಪ್ರಶ್ನೆ?

ಫಲಕದಲ್ಲಿ ಗುರಾಣಿ ಆಕಾರದ ಲಾಂಛನ ಇದೆಯಾ ನೋಡಿ. ನಡುವೆ ಉದ್ದಕ್ಕೆ ಸೀಳಿದಂತಿದ್ದರೆ, ನೋಡುವವರ ಎಡಕ್ಕೆ ಗಂಡನ ಮನೆಯದು, ಬಲಕ್ಕೆ ಇವಳ ಅಪ್ಪನ ಮನೆಯದು.

ಹೊನ್ನಾವರ ಹೊಳೆದಂಡೆ:
ವಿಲ್ ಹುಡುಕಿ. ಗಂಡ ಬದುಕಿರುವ ತನಕ ಅವನ ಒಪ್ಪಿಗೆ ಇಲ್ಲದೆ ಹೆಂಡತಿ ವಿಲ್ ಬರೆಯುವ ಹಾಗಿರಲಿಲ್ಲ, ಹಾಗಾಗಿ ಇವಳು ವಿಧವೆಯಾಗಿದ್ದರೆ ನಿಮ್ಮ ಅದೃಷ್ಟ. ವಿಧವೆಯರ ವಿಲ್ ಓದಬೇಕು ಮಾರಾಯ್ರೆ, ಯಾವ ತಂಗಿಗೆ ಯಾವ ಗೌನು, ಬೆಳ್ಳಿ ಚಮಚ ಯಾವ ಮೊಮ್ಮಗಳಿಗೆ, ಹಾಸಿಗೆ ಯಾರಿಗೆ, ಎಲ್ಲ ಇರುತ್ತದೆ. ಆ ಕಡೆಯ ಸ್ಥಿತಿವಂತರ ವಿಲ್ಲುಗಳು ಹೆಚ್ಚಾಗಿ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಕೋರ್ಟಿಗೆ ಹೋಗುತ್ತಿದ್ದವು. ಈಗ ಅವು ಲಂಡನ್ನಿನ ಕ್ಯೂನಲ್ಲಿ, ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಕಾರವಾರದಲ್ಲಿ ಕೂತೇ ಹೆಸರು ಹಾಕಿ ಹುಡುಕಬಹುದು. ಹಳೆ ಕೈಬರಹ ಓದುವ ಪಾಠವೂ ಅದೇ ಜಾಲತಾಣದಲ್ಲಿ ಪುಕ್ಕಟೆ ಇದೆ, ಹಳೆ ಮರಾಠಿ ದಾಖಲೆಗಳ ಮೋಡಿ ಅಕ್ಷರದ ಹಾಗೆ ಮೊದಲ ವಾರ ತಲೆ ಕೆಡುತ್ತದೆ ಅಷ್ಟೇ.

ಈ ಗಂಡನ ಅಡ್ಡಹೆಸರೊಂದನ್ನೇ ಹಾಕಬೇಡಿ, ಆಮೇಲೆ ಇನ್ನೊಂದು ಮದುವೆ ಆಗಿರಬಹುದು. ಅದೇ ಕಾಲದ ಸಿರಿವಂತೆ ಹಾರ್ಡ್‌ವಿಕ್‌ನ ಬೆಸ್, ಗಂಡಂದಿರ ಅಡ್ಡಹೆಸರಿನಿಂದ ಬಾರ್ಲೋ, ಕ್ಯಾವೆಂಡಿಷ್, ಸೇಂಟ್ ಲೋ ಆಗಿ ನಾಲ್ಕನೇ ಮದುವೆಗೆ ಶ್ರೂಸ್‌ಬರಿ ಕೌಂಟೆಸ್ ಆದಳು! ಮತ್ತೆ, 'ಸನ್ ಇನ್ ಲಾ' ಅಂತ ಕಂಡರೆ ಅಳಿಯ ಅಂತಲೇ ಅಂದುಕೊಳ್ಳಬೇಡಿ, ಆಗ ಮಲಮಗನಿಗೂ ಹಾಗೇ ಅನ್ನುತ್ತಿದ್ದರು. ನಾನು ಇದರಲ್ಲೇ ಎರಡು ತಿಂಗಳು ದಾರಿ ತಪ್ಪಿದ್ದೆ.

(ಸುಮ್ನೆ ಹೇಳಿದೆ, ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಇದೇ ಕಾಲದವಳು.)

ಸಿರ್ಸಿ ಮಾಣಿ:
ಇನ್ನೊಂದು. 1530ರಿಂದ, ಯಾವ ಮನೆತನಕ್ಕೆ ಯಾವ ಲಾಂಛನ ಅಂತ ನೋಡುವ ಅಧಿಕಾರಿಗಳು ಕೌಂಟಿ ಕೌಂಟಿ ತಿರುಗಿ ವಂಶಾವಳಿ ಬರೆದುಕೊಂಡಿದ್ದಾರೆ, ಅದು ಅಚ್ಚೂ ಆಗಿದೆ. ಹತ್ತಿರದ ಎರಡು ಮೂರು ತಲೆಮಾರು ನೋಡಿ, ಅದರಾಚೆಗಿನದು ಮನೆಯವರು ಹೇಳಿದ ಕಥೆ. ನಮ್ಮ ಹವ್ಯಕರೆಲ್ಲ ಅಹಿಚ್ಛತ್ರದಿಂದ ಬಂದವರು, ಅವರೆಲ್ಲ 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮಂಡಿಯ ವಿಲಿಯಂ ಜೊತೆ ಬಂದವರು!

ಕೋಡಿಬಾಗದ ಅಕ್ಕ:
ಮಗಳಿಗೆ ಈಗಷ್ಟೇ ಫೋನ್ ಮಾಡಿದೆ. ಗುರಾಣಿ ಇದೆಯಂತೆ, ಎಡಭಾಗ ಮಾತ್ರ ಕಾಣುತ್ತದೆ, ಬಲಭಾಗದ ಮೇಲೆ ಕಾರ್ಪೆಟ್ ಹಾಸಿದ್ದಾರೆ. ಭಾನುವಾರ ಪಾದ್ರಿಯನ್ನು ಕೇಳಿ ಸರಿಸುತ್ತಾಳಂತೆ.