ಪಿಎಸ್ (ಪೋಸ್ಟ್‌ಸ್ಕ್ರಿಪ್ಟ್) ಫೈಲ್ ಕೊಟ್ಟರೆ ಪ್ರಿಂಟರ್ ಬರೀ ಕೋಡ್ ಕಾರುತ್ತಿದೆ, ಒಂದು ಸಿಸ್ಟಂನಲ್ಲಿ ಮಾತ್ರ ಸರಿ ಬರುತ್ತೆ

ಮಂಡಕ್ಕಿ_ಮಿರ್ಚಿ, ದಾವಣಗೆರೆ:
ಎಲ್ರಿಗೂ ನಮಸ್ಕಾರ. ನಮ್ಮದು ಮಂಡಿಪೇಟೆ ಕಡೆ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು ಜಾಸ್ತಿ. ಮೂರು ಲಿನಕ್ಸ್ ಸಿಸ್ಟಂ ಇವೆ, ಪುಟ ಜೋಡಿಸೋ ಪೇಜ್‌ಮೇಕರ್‌ ತಂತ್ರಾಂಶಕ್ಕೋಸ್ಕರ ಒಂದು ಹಳೇ ವಿಂಡೋಸ್ ಸಿಸ್ಟಂ ಇಟ್ಟುಕೊಂಡಿದ್ದೇವೆ. ಎಲ್ಲಕ್ಕೂ ಸೇರಿ ನೆಟ್‌ವರ್ಕ್‌ನಲ್ಲಿ ಒಂದೇ ಲೇಸರ್ ಪ್ರಿಂಟರ್. ಪೇಜ್‌ಮೇಕರ್‌ನಿಂದ ಪಿಎಸ್ ಫೈಲ್ ಮಾಡಿ ಲಿನಕ್ಸ್‌ನಿಂದ ಪ್ರಿಂಟ್ ಕೊಡೋದು ನಮ್ಮ ರೂಢಿ. ಮೊನ್ನೆ ಎರಡು ಸಿಸ್ಟಂಗೆ ಹೊಸದಾಗಿ ಲಿನಕ್ಸ್ ಹಾಕಿ ಪ್ರಿಂಟರ್ ಸೇರಿಸಿದೆ. ಅವತ್ತಿಂದ ಆ ಎರಡರಲ್ಲಿ ಯಾವ ಪಿಎಸ್ ಕೊಟ್ಟರೂ ಪತ್ರಿಕೆ ಬದಲು '%!ಪಿಎಸ್-ಅಡೋಬ್-3.0' ಅಂತ ಶುರುವಾಗಿ ಪುಟಗಟ್ಟಲೆ ಕೋಡ್ ಬರುತ್ತೆ. ನಾನು ಊಟಕ್ಕೆ ಹೋಗಿ ಬರೋಷ್ಟರಲ್ಲಿ ಅರ್ಧ ರೀಮು ಖಾಲಿ! ಮೂರನೇ ಸಿಸ್ಟಂನಿಂದ ಅದೇ ಫೈಲ್ ಕೊಟ್ಟರೆ ಚೆನ್ನಾಗೇ ಬರುತ್ತೆ. ಇನ್ನೊಂದು ವಿಚಿತ್ರ ಏನಂದ್ರೆ, ಪೇಜ್‌ಮೇಕರ್ ಫೈಲ್ ಆದರೆ ಕೋಡಿನ ಸಾಲು ನೆಟ್ಟಗಿರುತ್ತೆ, ಲಿನಕ್ಸ್‌ನಲ್ಲೇ ಅಂಥದ್ದೇ ತಂತ್ರಾಂಶ ಸ್ಕ್ರೈಬಸ್‌ನಿಂದ ಮಾಡಿದ್ದಾದರೆ ಸಾಲುಗಳು ಮೆಟ್ಟಿಲಿನ ಥರ ಬಲಕ್ಕೆ ಇಳಿದು ಹಾಳೆ ಆಚೆ ಹೋಗಿಬಿಡುತ್ತೆ. ಭಾನುವಾರದ ಮದುವೆ ಪತ್ರಿಕೆ ಬಾಕಿ ಇದೆ, ಬೇಗ ಹೇಳಿ.

ಸುಮ್ನೆ_ಬಂದೆ:
ಟೋನರ್ ತೆಗೆದು ಅಲ್ಲಾಡಿಸಿ ಹಾಕಿ ನೋಡಿ. ನಮ್ಮಲ್ಲಿ ಸರಿ ಹೋಯ್ತು.

ಕೋಟೆ_ಕಲ್ಲು, ಚಿತ್ರದುರ್ಗ:
ಟೋನರ್‌ಗೂ ಇದಕ್ಕೂ ಏನ್ರೀ ಸಂಬಂಧ, ಅಕ್ಷರ ಕಪ್ಪಗೇ ಬರ್ತಿದೆಯಲ್ಲ.

ಮೊದಲು ಹಾಳೆ ಉಳಿಸಿಕೊಳ್ಳಿ. ಮತ್ತೆ ಹೀಗಾದರೆ ಮೌಸ್ ಹಿಡಿಯೋಕೆ ಹೋಗಬೇಡಿ, ಪ್ರಿಂಟರ್ ಟ್ರೇ ಹೊರಗೆಳೆಯಿರಿ. ಆಮೇಲೆ ಸಿಸ್ಟಂನಲ್ಲಿ ಜಾಬ್ ಕ್ಯಾನ್ಸಲ್ ಮಾಡಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಸಿಸ್ಟಂನಲ್ಲಿ ಮಾತ್ರ ಕ್ಯಾನ್ಸಲ್ ಮಾಡಿದರೆ ಪ್ರಿಂಟರ್ ಹೊಟ್ಟೆಗೆ ಆಗಲೇ ಹೋಗಿರೋದು ಬರ್ತಾನೇ ಇರುತ್ತೆ.

ಈಗ ವಿಷಯಕ್ಕೆ. ಪಿಎಸ್ ಫೈಲ್ ಅಂದ್ರೆ ಚಿತ್ರ ಅಲ್ಲ, ಒಂದು ಪ್ರೋಗ್ರಾಂ. 'ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಅಕ್ಷರ ಇಡು' ಅಂತ ಬರೆದಿರುತ್ತೆ. ಅದನ್ನು ಓದಿ ನಡೆಸೋರು ಯಾರಾದರೂ ಬೇಕು. 1985ರಲ್ಲಿ ಬಂದ ಆಪಲ್ ಲೇಸರ್‌ರೈಟರ್‌ನಂಥ ಪ್ರಿಂಟರ್‌ಗಳಲ್ಲಿ ಆ ಬುದ್ಧಿ ಒಳಗೇ ಇತ್ತು, ಅದಕ್ಕೇ ಅವು ದುಬಾರಿ. ಅಗ್ಗದ ಲೇಸರ್‌ಗಳಲ್ಲಿ ಎಷ್ಟೋ ಸಲ ಅದು ಇರೋದಿಲ್ಲ, ಪಿಸಿಎಲ್ ಅನ್ನೋ ಇನ್ನೊಂದು ಪ್ರಿಂಟರ್ ಭಾಷೆ ಮಾತ್ರ ಗೊತ್ತಿರುತ್ತೆ. ಅಂಥದಕ್ಕೆ ಪಿಎಸ್ ನೇರವಾಗಿ ಕೊಟ್ಟರೆ ಯಾರೋ ಕಾಗದ ಟೈಪ್ ಮಾಡಿ ಕಳಿಸಿದ್ದಾರೆ ಅಂದುಕೊಂಡು ಹಾಗೇ ಅಚ್ಚು ಹಾಕುತ್ತೆ. ನಿಮ್ಮ ಮೆಟ್ಟಿಲೇ ಇದಕ್ಕೆ ಸಾಕ್ಷಿ. ಲಿನಕ್ಸ್ ಫೈಲ್‌ನಲ್ಲಿ ಸಾಲಿನ ಕೊನೆಗೆ 'ಕೆಳಗಿಳಿ' ಅಂತ ಮಾತ್ರ ಇರುತ್ತೆ, ವಿಂಡೋಸ್ ಫೈಲ್‌ನಲ್ಲಿ 'ಎಡಕ್ಕೆ ವಾಪಸ್ ಬಾ, ಕೆಳಗಿಳಿ' ಅಂತ ಎರಡೂ ಇರುತ್ತೆ. ಮೊದಲನೆಯದು ಮೆಟ್ಟಿಲಾಗುತ್ತೆ, ಎರಡನೆಯದು ನೆಟ್ಟಗೆ ಬರುತ್ತೆ.

ಪ್ರಿಂಟರ್ ಮೆನುವಿನಲ್ಲಿ ಕಾನ್ಫಿಗರೇಶನ್ ಪೇಜ್ ತೆಗೆದು ನೋಡಿ. ಪಿಎಸ್, ಕೆಪಿಡಿಎಲ್, ಬಿಆರ್-ಸ್ಕ್ರಿಪ್ಟ್, ಯಾವುದಾದರೂ ಒಂದು ಹೆಸರಿದ್ದರೆ ಅದಕ್ಕೆ ಪಿಎಸ್ ಅರ್ಥವಾಗುತ್ತೆ. ಆಮೇಲೆ ಮೂರೂ ಲಿನಕ್ಸ್ ಸಿಸ್ಟಂನಲ್ಲಿ ಬ್ರೌಸರ್ ತೆಗೆದು ಲೋಕಲ್‌ಹೋಸ್ಟ್, ಪೋರ್ಟ್ 631ಕ್ಕೆ ಹೋಗಿ. ಅದು ಕಪ್ಸ್, ಅಂದ್ರೆ ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆಯ ಪುಟ. ಪ್ರಿಂಟರ್ ಹೆಸರಿನ ಕೆಳಗೆ ಡ್ರೈವರ್ ಏನಿದೆ ಅಂತ ಬರೆದು ಹಾಕಿ.

ಮಂಡಕ್ಕಿ_ಮಿರ್ಚಿ:
ನೋಡಿದೆ ಅಣ್ಣ. ಕಾನ್ಫಿಗರೇಶನ್ ಪೇಜ್‌ನಲ್ಲಿ ಪಿಸಿಎಲ್ ಬಿಟ್ಟರೆ ಬೇರೆ ಏನೂ ಇಲ್ಲ. ಸರಿ ಬರೋ ಸಿಸ್ಟಂನಲ್ಲಿ ಪ್ರಿಂಟರ್ ಮಾಡೆಲ್ ಹೆಸರೇ ಇದೆ, ಹೊಸ ಎರಡರಲ್ಲಿ 'ಲೋಕಲ್ ರಾ ಪ್ರಿಂಟರ್' ಅಂತಿದೆ. ಸೇರಿಸುವಾಗ ಐಪಿ ಕೊಟ್ಟು ಪೋರ್ಟ್ 9100 ಹಾಕಿದ್ದೆ, ಡ್ರೈವರ್ ಕೇಳಿದಾಗ ಪಟ್ಟಿಯಲ್ಲಿ ಮೇಲೆ ಕಂಡಿದ್ದನ್ನೇ ಒತ್ತಿದೆ.

ಕೋಟೆ_ಕಲ್ಲು:
ಸಿಕ್ತಲ್ಲ. ರಾ ಅಂದ್ರೆ ಬಂದದ್ದನ್ನು ಮುಟ್ಟದೆ ಹಾಗೇ ದಾಟಿಸೋದು. ಸರಿ ಬರೋ ಸಿಸ್ಟಂನಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಅನ್ನೋ ತಂತ್ರಾಂಶ ಹಿಂದೆ ಕೂತು ಪಿಎಸ್ ಓದಿ ಪ್ರಿಂಟರ್ ಭಾಷೆಗೆ ಬದಲಾಯಿಸಿ ಕೊಡ್ತಿದೆ. ಹೊಸ ಎರಡರಲ್ಲಿ ಆ ರಾ ಪ್ರಿಂಟರ್ ಅಳಿಸಿ, ಅದೇ ಡ್ರೈವರ್ ಹಾಕಿ ಮತ್ತೆ ಸೇರಿಸಿ. ಸರಿ ಇರೋ ಸಿಸ್ಟಂನಿಂದಲೇ ಪ್ರಿಂಟರ್ ಶೇರ್ ಮಾಡಿದರೂ ಆಗುತ್ತೆ, ಆದರೆ ಅದು ಆಫ್ ಆದ ದಿನ ಎಲ್ಲರೂ ಕೈ ಕಟ್ಟಿ ಕೂರಬೇಕು.

ಮಂಡಕ್ಕಿ_ಮಿರ್ಚಿ:
ಡ್ರೈವರ್ ಹಾಕಿದೆ, ಕೋಡ್ ನಿಂತು ಪುಟ ಬಂತು! ಆದರೆ ಒಂದು ಸಿಸ್ಟಂನಲ್ಲಿ ಬಾರ್ಡರ್, ಗಣಪತಿ ಚಿತ್ರ ಎಲ್ಲಾ ಸರಿ, ಅಕ್ಷರ ಮಾತ್ರ ಗೋಜಲು. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಗುರುತು. ವಧು ಹೆಸರು ಓದಿದರೆ ಬೀಗರು ಓಡಿ ಹೋಗ್ತಾರೆ.

ಹಳೇ_ಕಂಪೋಸರ್:
ನುಡಿ ಫಾಂಟ್ ಅಲ್ವಾ? ಹಳೇ ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಫಾಂಟ್ ಕೈಕೊಟ್ಟರೆ ಅಡಿಯಲ್ಲಿರೋ ಇಂಗ್ಲಿಷ್ ಹೊರಗೆ ಬರುತ್ತೆ. ನಿಮ್ಮ ಪಿಎಸ್‌ನಲ್ಲಿ ಫಾಂಟಿನ ಹೆಸರು ಮಾತ್ರ ಇದೆ, ಫಾಂಟ್ ಇಲ್ಲ. ಗೋಸ್ಟ್‌ಸ್ಕ್ರಿಪ್ಟ್ ಸಿಸ್ಟಂನಲ್ಲಿ ಹುಡುಕಿ, ಸಿಗದಿದ್ದಾಗ ಬೇರೆ ಫಾಂಟ್ ಇಟ್ಟಿದೆ. ಪೇಜ್‌ಮೇಕರ್‌ನಲ್ಲಿ ಪಿಎಸ್ ಮಾಡುವಾಗ ಫಾಂಟ್‌ಗಳನ್ನೂ ಫೈಲ್ ಒಳಗೇ ಸೇರಿಸಿ. ಮುದ್ರಿಸೋ ಮೊದಲು ಪಿಡಿಎಫ್‌ಗೆ ಬದಲಾಯಿಸಿ ತೆರೆದು ನೋಡಿ, ಹಾಳೆ ಖರ್ಚಿಲ್ಲ. ನಾವು 100 ಪತ್ರಿಕೆ ಹಾಗೇ ಮುದ್ರಿಸಿ ಮುಖ ಮುಚ್ಚಿಕೊಂಡವರು, ಅದಕ್ಕೇ ಹೇಳ್ತಿದ್ದೇನೆ.

ಮಂಡಕ್ಕಿ_ಮಿರ್ಚಿ:
ಫಾಂಟ್ ಸೇರಿಸಿ ಮತ್ತೆ ಪಿಎಸ್ ಮಾಡಿದೆ, ಮೂರೂ ಸಿಸ್ಟಂನಲ್ಲಿ ಸರಿ ಬಂತು. ಕೋಡ್ ಬಂದ ಹಾಳೆಗಳ ಹಿಂದೆ ಈಗ ಪ್ರೂಫ್ ತೆಗೀತಿದ್ದೇನೆ. ಇಬ್ಬರೂ ಈ ಕಡೆ ಬಂದಾಗ ಬೆಣ್ಣೆ ದೋಸೆ ನನ್ನ ಲೆಕ್ಕ. ಟೋನರ್ ಅಣ್ಣನಿಗೆ ಖಾಲಿ ದೋಸೆ.