ಮಾವನ ಟ್ರಂಕಿನಲ್ಲಿ ಮೂರು ಕತ್ತಿ ಸಿಕ್ಕಿವೆ, ಯಾವ ಕಡೆಯವು?

ನಮ್ಮ ಮಾವ ಮಿಲಿಟರಿಯಲ್ಲಿದ್ದವರು, ಈಗಿಲ್ಲ. ಒಂದು ಕತ್ತಿ ಬಾಗಿದೆ, ಚರ್ಮದ ಒರೆಯ ಹಿಂದೆ ಎರಡು ಪುಟ್ಟ ಚಾಕುಗಳಿವೆ. ಎರಡನೆಯದು ನೆಟ್ಟಗಿದೆ, ಅದರ ಮರದ ಒರೆ ಒಂದು ಪಕ್ಕ ತೆರೆದೇ ಇದೆ. ಮೂರನೆಯದು ಹಿತ್ತಾಳೆಯದು, ಮೂರು ಮುಖ, ಹರಿತವೇ ಇಲ್ಲ. "ಎಲ್ಲಾ ನೇಪಾಳದ್ದೇ" ಅನ್ನುತ್ತಾರೆ ಅತ್ತೆ. ಗೊತ್ತಿರುವವರು ಹೇಳುತ್ತೀರಾ?

ಡೆಹ್ರಾಡೂನಿನಲ್ಲಿ 9 ವರ್ಷ ಇದ್ದವನು:
ಮೊದಲನೆಯದು ಖುಕುರಿ, ನಾವು ಕುಕ್ರಿ ಅನ್ನುವುದು. ಪುಟ್ಟ ಚಾಕುಗಳಲ್ಲಿ ಹರಿತ ಇರುವುದು ಕರ್ದಾ, ಸಣ್ಣಪುಟ್ಟ ಕೆಲಸಕ್ಕೆ. ಮೊಂಡಾಗಿರುವುದು ಚಕ್ಮಕ್. ಅಲಗನ್ನು ಮಸೆಯುವುದಕ್ಕೆ, ಹಿಂದೆಲ್ಲ ಕಲ್ಲಿಗೆ ಹೊಡೆದು ಕಿಡಿ ಎಬ್ಬಿಸುವುದಕ್ಕೆ. ಹಿಡಿಯ ಹತ್ತಿರ ಅಲಗಿನಲ್ಲಿ ಒಂದು ಕಚ್ಚು ಇದೆಯಾ ನೋಡಿ, ಅದಕ್ಕೆ ಕೌಡಿ ಅನ್ನುತ್ತಾರೆ.

ಆದರೆ ಆಕಾರ ನೇಪಾಳದ್ದು ಅಂದಮಾತ್ರಕ್ಕೆ ಮಾಡಿದ ಜಾಗವೂ ಅದೇ ಆಗಬೇಕಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಗೂರ್ಖಾ ಪಡೆಗಳಿಗಾಗಿ ನಮ್ಮ ದೇಶದಲ್ಲೇ ಬೇಕಾದಷ್ಟು ತಯಾರಾದವು. ಹಿಡಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಸೇನೆಯ 1943ರ ಮಾದರಿಯಲ್ಲಿ ಅಲಗಿನ ಕಬ್ಬಿಣ ಹಿಡಿಯ ಕೊನೆಯವರೆಗೂ ಹೋಗುತ್ತದೆ, ಎರಡು ಕಡೆ ಮರದ ಹೋಳಿಟ್ಟು ರಿವೆಟ್ ಹೊಡೆದಿರುತ್ತಾರೆ. ಅಲಗಿನ ಮೇಲೆ ಇಸವಿ, ಸರ್ಕಾರಿ ಸೊತ್ತು ಅಂತ ತೋರಿಸುವ ಬಾಣದ ಗುರುತು ಇರಬಹುದು. ಹಳ್ಳಿಯ ಕಮ್ಮಾರರು ಮಾಡುವುದರಲ್ಲಿ ಸಾಮಾನ್ಯವಾಗಿ ಸಣ್ಣ ಬಾಲವೊಂದು ಹಿಡಿಯೊಳಗೆ ಹೋಗುತ್ತದೆ, ಲಾಹಾ ಅನ್ನುವ ಅಂಟು ತುಂಬಿ ಕೂರಿಸುತ್ತಾರೆ.

ಸಿಂಹದ ತಲೆಯ ಹಿಡಿ, ಫಳಫಳ ಹೊಳಪು ಇದ್ದರೆ ಪ್ರವಾಸಿಗಳಿಗೆ ಮಾರುವ ಮಾಲು. ಮಸ್ಸೂರಿಯಲ್ಲಿ ನಾನೂ ಒಂದು ಕೊಂಡೆ. ಮನೆಗೆ ತಂದು ಎಳನೀರಿಗೆ ಹಾಕಿದೆ, ಅಲಗೇ ಬಾಗಿತು!

ಇನ್ನೊಬ್ಬರು:
ದೇವನಾಗರಿಯಲ್ಲಿ ಇಸವಿ ಇದ್ದರೆ ಹುಷಾರು. ನೇಪಾಳದವರದು ವಿಕ್ರಮ ಸಂವತ್. 57 ಕಳೆಯಿರಿ. 1992 ಅಂತ ಇದ್ದರೆ ಅದು 1935ರ ಆಸುಪಾಸು.

ಗ್ಯಾಂಗ್‌ಟಾಕಿನಲ್ಲಿ ಕೆಲಸ ಮಾಡಿದವಳು:
ಒರೆ ಒಂದು ಪಕ್ಕ ತೆರೆದಿದೆ ಅಂದ ಕೂಡಲೇ ನನಗೆ ಸಿಕ್ಕಿಂನ ಲೆಪ್ಚಾ ಜನ ನೆನಪಾದರು. ಅವರು ಸೊಂಟಕ್ಕೆ ಕಟ್ಟುವ 'ಬನ್' ಹಾಗೇ ಇರುತ್ತದೆ. ಆದರೆ ಅಷ್ಟಕ್ಕೇ ತೀರ್ಮಾನ ಬೇಡ, ಈಶಾನ್ಯದ ಬೇರೆ ಜನರಲ್ಲೂ ಇಂಥ ಒರೆ ಇದೆ. ಅಲಗು ತುದಿಯ ಕಡೆ ಅಗಲವಾಗುತ್ತಾ ಹೋಗಿದ್ದರೆ ನಾಗಾ ಕಡೆಯ ದಾವ್ ಇರಬಹುದು. ಮಾವನವರಿಗೆ ಪೋಸ್ಟಿಂಗ್ ಎಲ್ಲೆಲ್ಲಿ ಇತ್ತು?

ಮೂರನೆಯದು ಚಾಕುವೇ ಅಲ್ಲ, ಫುರ್ಬಾ. ಟಿಬೆಟಿಯನ್ ಬೌದ್ಧರ ಪೂಜೆಯ ಸಾಮಾನು. ಟಿಬೆಟ್, ನೇಪಾಳ, ಭೂತಾನ್ ಎಲ್ಲ ಕಡೆ ಇದೆ, ಹಾಗಾಗಿ ಆಕಾರ ನೋಡಿ ಊರು ಹೇಳುವುದು ಕಷ್ಟ. ಬೈಲಕುಪ್ಪೆ ಹತ್ತಿರವೇ ಅಲ್ವಾ? ಗೋಲ್ಡನ್ ಟೆಂಪಲ್ ಅನ್ನುತ್ತೇವಲ್ಲ, ಆ ನಮ್‌ಡ್ರೋಲಿಂಗ್ ಮಠದಲ್ಲಿ ಯಾರಾದರೂ ಹಿರಿಯ ಲಾಮಾಗೆ ತೋರಿಸಿ.

ಮಡಿಕೇರಿಯಿಂದ:
ಬಾಗಿದ್ದೆಲ್ಲ ಕುಕ್ರಿ ಅಲ್ಲ ಮಾರಾಯ್ರೇ. ನಮ್ಮ ಕೊಡವರ ಒಡಿಕತ್ತಿ ನೋಡಿ ಎಷ್ಟು ಜನ "ನೇಪಾಳದ್ದಾ?" ಅಂತ ಕೇಳಿದ್ದಾರೋ! ನಮ್ಮದರಲ್ಲಿ ಆ ಕಚ್ಚು ಇಲ್ಲ, ಅಲಗು ಜಾಸ್ತಿ ಅಗಲ. ಒರೆಯೂ ಇಲ್ಲ, ಬೆನ್ನ ಹಿಂದೆ ತೋಡಂಗ್ ಅನ್ನುವ ಲೋಹದ ಕೊಂಡಿಗೆ ಸಿಕ್ಕಿಸುವುದು.

ಒಂದು ಮಾತು, ಯಾವುದನ್ನೂ ಉಜ್ಜಿ ತೊಳೆಯಬೇಡಿ. ಹಳೆಯ ಗುರುತೆಲ್ಲ ಹೋಗುತ್ತದೆ. ಕಬ್ಬಿಣಕ್ಕೆ ಸುಮ್ನೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಸಾಕು.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಎಣ್ಣೆ ಹಚ್ಚಿ ಒರೆಸಿದೆ. ಕುಕ್ರಿಯ ಮೇಲೆ ಬಾಣದ ಗುರುತು, ಪಕ್ಕದಲ್ಲಿ 44 ಕಾಣಿಸಿತು. ರಿವೆಟ್ಟೂ ಇದೆ. ಮಾವ ಎರಡು ವರ್ಷ ಸಿಕ್ಕಿಂನಲ್ಲಿ ಇದ್ದರಂತೆ, ನೆಟ್ಟಗಿನದರ ತುದಿಯೂ ಅಗಲವಾಗಿಲ್ಲ. ಫುರ್ಬಾ ವಿಷಯ ಮಾತ್ರ ತಡವಾಯಿತು. ನಿನ್ನೆಯೇ ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿ, ದೇವರ ಮನೆಯಲ್ಲಿ ದೀಪದ ಪಕ್ಕ ಇಟ್ಟಿದ್ದಾರೆ.