ರವೆಲ್‌ನ ಪಿಯಾನೊ ಟ್ರಿಯೊ: 8/8ರಲ್ಲಿ ಲೆಕ್ಕ ಎಲ್ಲಿ ಜಾರುತ್ತದೆ?

ಪ್ರಶ್ನೆ (ಪಿಯಾನೊ ವಿದ್ಯಾರ್ಥಿನಿ): ಸರ್, ನಾವು ಮೂವರು ಸೇರಿ ಸಂಯೋಜಕ ರವೆಲ್‌ನ ಎ ಮೈನರ್ ಟ್ರಿಯೊ (ಪಿಯಾನೊ, ವಯೊಲಿನ್, ಚೆಲ್ಲೊಗಳ ಕೃತಿ) ಕೈಗೆತ್ತಿಕೊಂಡಿದ್ದೇವೆ. ಮೊದಲ ಮೂವ್‌ಮೆಂಟ್ (ಭಾಗ) 8/8ರಲ್ಲಿದೆ, ಅಂದರೆ ಪ್ರತಿ ಬಾರ್‌ಗೆ (ಲಯದ ಒಂದು ಸುತ್ತಿಗೆ) ಎಂಟು ಕ್ವೇವರ್ (ಎಣಿಕೆಯ ಸಣ್ಣ ಘಟಕ). ನಾಲ್ಕು-ನಾಲ್ಕಾಗಿ ಎಣಿಸಿದರೆ ಮೂವರೂ ಜೊತೆಗಿರುತ್ತೇವೆ, ಕೇಳೋಕೆ ಮಾತ್ರ ಸಪ್ಪೆ. ಎಣಿಸೋದು ಬಿಟ್ಟರೆ ಯಾರಾದರೊಬ್ಬರು ಮುಂದೆ ಓಡುತ್ತಾರೆ. ಏನು ಮಾಡೋದು?

ಉತ್ತರ: ಸಪ್ಪೆ ಅನಿಸುವುದಕ್ಕೆ ಆ ನಾಲ್ಕು-ನಾಲ್ಕೇ ಕಾರಣ. ಇಲ್ಲಿನ ಎಂಟು 4+4 ಅಲ್ಲ, 3+2+3. ನಮ್ಮ ಕಡೆಯವರಿಗೆ ಇದು ಸುಲಭ: ತಕಿಟ ತಕ ತಕಿಟ. ವಾದ್ಯ ಬದಿಗಿಟ್ಟು ಮೂವರೂ ಬಾಯಲ್ಲಿ ಹೇಳಿ, 1, 4, 6ರ ಮೇಲೆ ಚಪ್ಪಾಳೆ ಹಾಕಿ. ಮೊದಲು ಮೆಟ್ರೊನೋಮ್ (ಲಯ ಬಡಿಯುವ ಯಂತ್ರ) ಪ್ರತಿ ಕ್ವೇವರ್‌ಗೂ ಬಡಿಯಲಿ. ಅದು ಗಟ್ಟಿಯಾದ ಮೇಲೆ ಬಾರ್‌ನ ಮೊದಲ ಕ್ವೇವರ್‌ಗೆ ಮಾತ್ರ ಇಡಿ. ಸುಳ್ಳು ಆಗ ಗೊತ್ತಾಗುತ್ತದೆ.

ತಪ್ಪುವುದು ಎರಡು ರೀತಿ. ಒಂದು, ನಡುವಿನ "ತಕ"ವನ್ನು ಎಳೆದು "ತಕಿಟ" ಮಾಡಿಬಿಡುವುದು, ಬಾರ್ ಒಂಬತ್ತಾಗುತ್ತದೆ. ಇನ್ನೊಂದು ಕಿವಿಗೆ ಬೇಗ ಸಿಗುವುದಿಲ್ಲ: 3+2+3 ಮೆಲ್ಲಗೆ 3+3+2 ಆಗಿ ಹೊರಳುತ್ತದೆ. ಜನಪ್ರಿಯ ಸಂಗೀತದಲ್ಲಿ ದಿನಾ ಕೇಳುವ ಲಯ ಅದೇ ಆದ್ದರಿಂದ ಕೈ ತಾನಾಗಿ ಅತ್ತ ಹೋಗುತ್ತದೆ. ಮೊತ್ತ ಎಂಟೇ ಇರುವುದರಿಂದ ಯಾರೂ ತಪ್ಪಿದಂತೆ ಕಾಣುವುದಿಲ್ಲ, ಆದರೆ ಒತ್ತು ಆರರ ಬದಲು ಏಳರ ಮೇಲೆ ಬಿದ್ದಿರುತ್ತದೆ. ಪೆನ್ಸಿಲ್‌ನಲ್ಲಿ ಪ್ರತಿ ಬಾರ್‌ನ ಆರನೇ ಕ್ವೇವರ್ ಮೇಲೆ ಸಣ್ಣ ಗೆರೆ ಹಾಕಿಕೊಳ್ಳಿ. ಐದರ ಮೇಲೆ ಕಾಲು ಕುಟ್ಟುವ ಅಭ್ಯಾಸ ಯಾರಿಗಾದರೂ ಇದ್ದರೆ ಮೊದಲು ಅದನ್ನು ನಿಲ್ಲಿಸಿ.

ಹಾಗಂತ ಒತ್ತನ್ನು ಗುದ್ದಬೇಡಿ. ರವೆಲ್ ಬರೆದಿರುವುದು "ಮೊದೆರೆ", ಅಂದರೆ ಮಧ್ಯಮ ಗತಿ. ಲಯ ಕೇಳುವವರ ಅರಿವಿಗೆ ಬರಬೇಕು, ತಲೆಗೆ ಬಡಿಯಬಾರದು.

ಪ್ರಶ್ನೆ (ಚೆಲ್ಲೊ): ಇದು ಬಾಸ್ಕ್ ಲಯ ಅಂತಾರಲ್ಲ, ನಿಜವಾ? ರವೆಲ್ ಫ್ರೆಂಚ್ ತಾನೇ?

ಉತ್ತರ: ಎರಡೂ ಹೌದು. 1875ರ ಮಾರ್ಚ್ 7ರಂದು ಅವನು ಹುಟ್ಟಿದ ಸಿಬೂರ್, ಫ್ರಾನ್ಸ್-ಸ್ಪೇನ್ ಗಡಿಯ ಎರಡೂ ಕಡೆ ಹರಡಿದ ಬಾಸ್ಕ್ ನಾಡಿನ ಫ್ರೆಂಚ್ ಬದಿಯ ಊರು. ತಾಯಿ ಬಾಸ್ಕ್, ತಂದೆ ಸ್ವಿಸ್ ಮೂಲದ ಎಂಜಿನಿಯರ್. ಕೂಸಿಗೆ ಮೂರು ತಿಂಗಳಾದಾಗ ಮನೆಯವರು ಪ್ಯಾರಿಸ್‌ಗೆ ಹೋದರು. ಹಾಗಾಗಿ ನಾಡಿನ ನಂಟು ಬಂದದ್ದು ಮುಖ್ಯವಾಗಿ ತಾಯಿಯಿಂದ, ಆಮೇಲೆ ಬೇಸಿಗೆಯಲ್ಲಿ ಅತ್ತ ಹೋಗಿ ಉಳಿಯುತ್ತಿದ್ದುದರಿಂದ. ಟ್ರಿಯೊ ಬರೆದದ್ದೂ ಸಿಬೂರ್‌ನ ಎದುರು ದಡದ ಸ್ಯಾಂ-ಜ್ಯಾಂ-ದ-ಲ್ಯೂಜ್‌ನಲ್ಲಿ, 1914ರಲ್ಲಿ. ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಸೈನ್ಯ ಸೇರುವ ಅವಸರದಲ್ಲಿ ಉಳಿದದ್ದನ್ನು ಕೆಲವೇ ವಾರಗಳಲ್ಲಿ ಮುಗಿಸಿದ. 1915ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ. ಪಿಯಾನೊದಲ್ಲಿ ಅಲ್ಫ್ರೆಡೊ ಕಸೆಲ್ಲಾ.

ಮೊದಲ ಥೀಮ್‌ಗೆ ಬಾಸ್ಕ್ ಬಣ್ಣವಿದೆ ಎಂದು ರವೆಲ್ ತಾನೇ ಹೇಳಿದ್ದಾನೆ. ಆದರೆ ಬಾಸ್ಕ್ ಕುಣಿತದ ಝೊರ್ತ್ಸಿಕೊವನ್ನು ಹಾಗೇ ತಂದಿಟ್ಟಿಲ್ಲ. ಝೊರ್ತ್ಸಿಕೊ 5/8ರದ್ದು, ಸಾಮಾನ್ಯವಾಗಿ 1+2+2. ಅದನ್ನು ನಮ್ಮ ಖಂಡಚಾಪಿನ ಹಾಗೆ "ತಕ ತಕಿಟ" ಎಂದು ಹೇಳಿದರೆ ಕುಂಟುತ್ತದೆ. "ತ, ತಕ, ತಕ" ಎನ್ನಿ. ಏಳು ಬಾಸ್ಕ್ ಪ್ರಾಂತಗಳ ಒಗ್ಗಟ್ಟಿನ ಘೋಷಣೆಯಾದ "ಝಾಸ್ಪಿಯಾಕ್ ಬಾತ್" ಹೆಸರಿನಲ್ಲಿ ಪಿಯಾನೊ ಕನ್ಸರ್ಟೊ ಬರೆಯಲೂ ಹೊರಟಿದ್ದ, ಅರ್ಧಕ್ಕೆ ಬಿಟ್ಟ.

ಪ್ರಶ್ನೆ (ವಯೊಲಿನ್): ನನಗೂ ಚೆಲ್ಲೊಗೂ ಒಂದೇ ರಾಗ ಬರುವ ಕಡೆ ಶ್ರುತಿ ಕೂಡುತ್ತಿಲ್ಲ.

ಉತ್ತರ: ಇಬ್ಬರ ನಡುವೆ ಎರಡು ಆಕ್ಟೇವ್ (ಸ್ಥಾಯಿ) ಅಂತರವಿಟ್ಟು, ಮಧ್ಯದ ಖಾಲಿ ಜಾಗದಲ್ಲಿ ಪಿಯಾನೊದ ಬಲಗೈ ಕೂರಿಸುವುದು ಅವನಿಗೆ ಇಷ್ಟ. ಅಷ್ಟು ದೂರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಕೇಳುತ್ತದೆ. ಚೆಲ್ಲೊ ಆಧಾರ, ನೀವು ಅದರ ಮೇಲೆ ಕೂರಬೇಕು. ಮೊದಲು ಪಿಯಾನೊ ಇಲ್ಲದೆ, ವೈಬ್ರೇಟೊ (ಬೆರಳಾಡಿಸಿ ತರುವ ಸ್ವರದ ನಡುಕ) ಇಲ್ಲದೆ, ಒಂದೊಂದು ಸ್ವರ ಹಿಡಿದು ನಿಲ್ಲಿಸಿ. ನಂತರ ವೈಬ್ರೇಟೊ ಸೇರಿಸಿ, ಆದರೆ ಇಬ್ಬರದೂ ಒಂದೇ ಅಗಲ, ಕಿರಿದು. ನಿಮ್ಮದು ಅಗಲ, ಅವರದು ಕಿರಿದಾದರೆ ಶ್ರುತಿ ಸರಿಯಿದ್ದರೂ ಬೇಸುರಿನಂತೆ ಕೇಳುತ್ತದೆ.

ಪ್ರಶ್ನೆ (ಪಿಯಾನೊ ವಿದ್ಯಾರ್ಥಿನಿ): ಮುಂದಿನ ಮೂವ್‌ಮೆಂಟ್‌ಗಳಲ್ಲಿ ಅಪಾಯ ಎಲ್ಲಿದೆ ಸರ್?

ಉತ್ತರ: ಎರಡನೆಯದಾದ "ಪಾಂಟೂಮ್"ನ ನಡುವೆ ತಂತಿಯವರು 3/4ರಲ್ಲೇ ಉಳಿಯುತ್ತಾರೆ, ನೀವು 4/2ಕ್ಕೆ ಹೋಗುತ್ತೀರಿ. ಒಬ್ಬರ ಬಾರ್ ಗೆರೆ ನಂಬಿ ಇನ್ನೊಬ್ಬರು ನುಡಿಸಿದರೆ ಕೆಟ್ಟಿತು. ಮೂವರ ಪ್ರತಿಯಲ್ಲೂ ಕೂಡುವ ಜಾಗಗಳಿಗೆ ಒಂದೇ ಗುರುತು ಹಾಕಿ.

ಮೂರನೆಯದಾದ "ಪಸಾಕಾಯ್" 8 ಬಾರ್‌ಗಳ ಥೀಮ್‌ನಿಂದ ಶುರು: ಪಿಯಾನೊದ ತಗ್ಗಿನಲ್ಲಿ, ಆಮೇಲೆ ಚೆಲ್ಲೊ, ಆಮೇಲೆ ವಯೊಲಿನ್. ಇಲ್ಲಿ ಒಂದೇ ಮಾತು: ಧ್ವನಿಯನ್ನು ಬೇಗ ಖರ್ಚು ಮಾಡಬೇಡಿ.

ಕೊನೆಯದು 5/4, 7/4ರ ನಡುವೆ ಓಡಾಡುತ್ತದೆ. ಶುರುವಿನ ವಯೊಲಿನ್ ಹಾರ್ಮೋನಿಕ್ಸ್ (ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸುವ ತೆಳು ಸ್ವರಗಳು) ಉಸಿರು ಕಟ್ಟಿದರೆ ಬಹುತೇಕ ಬೆರಳಿನ ಭಾರವೇ ಕಾರಣ. ಮೇಲಿನ ಬೆರಳು ತಂತಿ ಮುಟ್ಟಿದರೆ ಸಾಕು, ಬೋ ಸ್ವಲ್ಪ ಬ್ರಿಡ್ಜ್ ಕಡೆಗೆ. ನಿಮ್ಮ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ತಂತಿಯವರ ಉದ್ದದ ಟ್ರಿಲ್ (ಪಕ್ಕದ ಎರಡು ಸ್ವರಗಳ ವೇಗದ ಅದಲುಬದಲು) ಬರುವಲ್ಲಿ ಇಬ್ಬರೂ ಒಟ್ಟಿಗೆ ಬೋ ತಿರುಗಿಸಿದರೆ ನಡುವೆ ತೂತು ಬೀಳುತ್ತದೆ. ಬೇರೆ ಬೇರೆ ಹೊತ್ತಿಗೆ ತಿರುಗಿಸಲಿ. ಅಲ್ಲಿ ನೀವು ಪೆಡಲ್ ತುಂಬಿಸಿದರೆ ಮಾತ್ರ ಯಾರೂ ಕಾಪಾಡಲಾರರು!

ಪ್ರಶ್ನೆ (ಚೆಲ್ಲೊ): ಇದಕ್ಕಿಂತ ಹಗುರವಾದ ಬಾಸ್ಕ್ ಕೃತಿ ಇದೆಯಾ, ಮುಂದಿನ ಸಲಕ್ಕೆ?

ಉತ್ತರ: ಇನ್ನೊಂದು ವಯೊಲಿನ್, ಒಂದು ವಯೋಲಾ ಸಿಕ್ಕರೆ ಸಂಯೋಜಕ ಅರಿಯಾಗಾನ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ). ಸ್ಪೇನ್ ಬದಿಯ ಬಾಸ್ಕ್ ಊರಾದ ಬಿಲ್ಬಾವೊದವನು, 20 ತುಂಬಲು 10 ದಿನವಿರುವಾಗ 1826ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಮೂರು ಕ್ವಾರ್ಟೆಟ್‌ಗಳಿವೆ: ಡಿ ಮೈನರ್, ಎ ಮೇಜರ್, ಇ ಫ್ಲಾಟ್ ಮೇಜರ್. ಹೈಡನ್, ಮೊಜಾರ್ಟ್ ನುಡಿಸಿದ ಕೈಗೆ ಒಗ್ಗುತ್ತವೆ. ಆದರೆ ಬಾಸ್ಕ್ ಲಯ ಹುಡುಕಿ ಅಲ್ಲಿಗೆ ಹೋಗಬೇಡಿ. ಅದು ಬೇಕಿದ್ದರೆ ಬಾಸ್ಕ್ ಸಂಯೋಜಕ ಗುರಿದಿಯ "ಹತ್ತು ಬಾಸ್ಕ್ ರಾಗಗಳು" ಕೇಳಿ. ಆರ್ಕೆಸ್ಟ್ರಾದ್ದು, ನಿಮಗೆ ನುಡಿಸಲು ಅಲ್ಲ, ಕಿವಿ ಪಳಗಿಸಿಕೊಳ್ಳಲು.